ಅರಳು ಮರಳಲ್ಲ, ಅದು ರೋಗ

'ಅರುವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹಿರಿಯರು ಹೇಳಿದ್ದನ್ನೇ ಹೇಳಿದಾಗ, ಉಂಡದ್ದನ್ನು ಮರೆತು ಊಟವಿಕ್ಕಲಿಲ್ಲವೆಂದು ದೂರಿದಾಗ, ಈ ಗಾದೆಯನ್ನು ನುಡಿದು ನಕ್ಕು ಸುಮ್ಮನಾಗುತ್ತೇವೆ. ತರೀಕೆರೆಯ ಆಸುಪಾಸಿನ ಅಡಿಕೆ ತೋಟದ ಮನೆಯೊಂದಕ್ಕೆ ಪರಮಪ್ರಸಾದವನ್ನು ಒಯ್ಯುತ್ತಿದ್ದ ದಿನಗಳಲ್ಲಿ ನಾವೂ ಹಾಗೆಯೇ ಮಾಡಿದೆವು. ಆ ಮನೆಯ ವೃದ್ಧ ತಾಯಿ ತಾವೇ ಎಲ್ಲಿಯೋ ಇಟ್ಟು ಮರೆತ ಬಳೆಯನ್ನು ಸೊಸೆ ಕದ್ದಳೆಂದು ಹಠ ಹಿಡಿದಿದ್ದರು. ಮನೆ ಎರಡು ಪಾಲಾಗುವ ಸ್ಥಿತಿಗೆ ಬಂದಿತ್ತು. 'ವಯಸ್ಸಿನ ಗುಣ, ಸಹಿಸಿಕೊಳ್ಳಿ' ಎಂದು ಬುದ್ಧಿ ಹೇಳಿ ಬಂದೆವು. ಎರಡು ವರ್ಷಗಳ ಬಳಿಕ ವೈದ್ಯರು ಅದು ಆಲ್‌ಝೈಮರ್ ಕಾಯಿಲೆಯೆಂದು ತಿಳಿಸಿದಾಗ ಮಗ ನಮ್ಮೆದುರು ಕಣ್ಣೀರಿಟ್ಟರು: 'ರೋಗಿಯನ್ನು ಎರಡು ವರ್ಷ ಬೈದೆವಲ್ಲ, ಸ್ವಾಮಿ.' ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಈ ರೋಗದ ಮೂಲವೇನು? 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್, ಮರೆವಿನಿಂದ ನರಳಿ ತೀರಿಕೊಂಡ ಮಹಿಳೆಯೊಬ್ಬರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ನರಕೋಶಗಳ ನಡುವೆ ಗಸಿಯಂತಹ ಶೇಖರಣೆಯೂ, ಕೋಶಗಳ ಒಳಗೆ ನೂಲಿನ ಸಿಕ್ಕುಗಳೂ ಅವರಿಗೆ ಕಂಡವು. ಇವೆರಡೂ ನಮ್ಮ ದೇಹವೇ ತಯಾರಿಸಿದ ಪ್ರೋಟೀನುಗಳ ಮುದ್ದೆಗಳೆಂಬುದು ಬಹುಕಾಲದ ನಂತರ ತಿಳಿಯಿತು. ಹೊರಗಿನದು ಅಮೈಲಾಯ್ಡ್ ಬೀಟಾ, ಒಳಗಿನದು ಟೌ. ಕೈ ನಡುಗಿಸುವ ಪಾರ್ಕಿನ್‌ಸನ್ ಕಾಯಿಲೆಯಲ್ಲಿ ಆಲ್ಫಾ ಸೈನ್ಯೂಕ್ಲೀನ್ ಎಂಬ ಮತ್ತೊಂದು ಪ್ರೋಟೀನು ಹೀಗೆಯೇ ಗಂಟುಕಟ್ಟುತ್ತದೆಂದು 1997ರಲ್ಲಿ ಗೊತ್ತಾಯಿತು.

ವಸ್ತುವೆಂಬುದು ದ್ರವ್ಯ ಮತ್ತು ರೂಪಗಳ ಕೂಟವೆಂದು ಅರಿಸ್ಟಾಟಲ್ ಬೋಧಿಸಿದನೆಂದು ಗುರುಮಠದಲ್ಲಿ ಕಲಿತಿದ್ದೆವು. ಪ್ರೋಟೀನು ಇದಕ್ಕೆ ಒಳ್ಳೆಯ ನಿದರ್ಶನ. ಅಮೈನೋ ಆಮ್ಲಗಳ ಸರಪಳಿ ಸರಿಯಾದ ಆಕಾರದಲ್ಲಿ ಮಡಚಿಕೊಂಡಾಗ ಮಾತ್ರ ಬಹುಪಾಲು ಪ್ರೋಟೀನುಗಳು ತಮ್ಮ ಕೆಲಸ ಮಾಡುತ್ತವೆ. ಆಕಾರ ಕೆಟ್ಟರೆ ದ್ರವ್ಯ ಅದೇ ಇದ್ದರೂ ಗುಣ ಬೇರೆ. ತಿಳಿಯಾದ ಮೊಟ್ಟೆಯ ಲೋಳೆ ಬೆಂದೊಡನೆ ಬಿಳಿ ಗಟ್ಟಿಯಾಗುವುದು ಹೀಗೆಯೇ. ಅಲ್ಲಿ ಬೆಂಕಿಯ ಶಾಖವಿದೆ, ಮೆದುಳಿನಲ್ಲಿ ಬೆಂಕಿಯಿಲ್ಲ. ವರ್ಷಗಳ ಅವಧಿಯಲ್ಲಿ ಆಕಾರಗೆಟ್ಟ ಪ್ರೋಟೀನುಗಳು ಒಂದಕ್ಕೊಂದು ಅಂಟಿ, ಇತರವುಗಳನ್ನೂ ಕೆಡಿಸುತ್ತಾ ಬೆಳೆಯುತ್ತವೆ.

ಆರೋಗ್ಯವಂತ ಕೋಶ ಇಂತಹ ಕಸವನ್ನು ದಿನವೂ ಗುಡಿಸುತ್ತದೆ. ಲಕ್ಕವಳ್ಳಿಯ ಜಲಾಶಯ ತುಂಬಿದ್ದರೂ ನಾಲೆಯ ಹೂಳೆತ್ತದಿದ್ದರೆ ಕೊನೆಯ ಗದ್ದೆಗೆ ನೀರು ಸೇರದೆಂಬುದನ್ನು ನಮ್ಮ ರೈತರಿಗೆ ಹೇಳಬೇಕಾಗಿಲ್ಲ. ಕೋಶದ ಹೂಳೆತ್ತುವ ಈ ಕ್ರಿಯೆಗೆ ಗ್ರೀಕ್ ಮೂಲದ 'ಆಟೋಫೇಜಿ', ಅಂದರೆ ಸ್ವಭಕ್ಷಣೆ, ಎಂದು ಹೆಸರು. ಹಿಟ್ಟು ಹುಳಿಯಿಸುವ ಯೀಸ್ಟನ್ನು ಹಸಿವಿನಲ್ಲಿಟ್ಟು ಈ ಕ್ರಿಯೆಯ ಗುಟ್ಟನ್ನು ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿಯವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇದನ್ನು ಓದಿ ತಪಸ್ಸುಕಾಲದ ಉಪವಾಸವನ್ನು ಯಾರೂ ಮರೆವಿನ ಮದ್ದೆಂದು ಭಾವಿಸಬಾರದು. ಮುಪ್ಪಿನವರನ್ನು ಉಪವಾಸ ಕೆಡವುವುದಂತೂ ಸಲ್ಲದು.

ಈ ದಾರಿಯಲ್ಲಿ ಬೆಂಗಳೂರಿನ ಕೊಡುಗೆಯೂ ಇದೆ. ಡಾಕ್ಟರೇಟ್ ಪಡೆದ ಬಳಿಕ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಸುರೇಶ್ ಸುಬ್ರಮಣಿಯವರ ಪ್ರಯೋಗಾಲಯದಲ್ಲಿ ಯೀಸ್ಟ್ ಕುರಿತು ಸಂಶೋಧನೆ ನಡೆಸಿದ ಡಾ. ರವಿ ಮಂಜಿತ್ತಾಯರು, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಮ್ಮದೇ ತಂಡವನ್ನು ಕಟ್ಟಿದರು. ಪದವಿ ಮುಗಿದ ಮೇಲೂ ವರ್ಷಗಟ್ಟಲೆ ಮತ್ತೊಬ್ಬರ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯಂತೆ ದುಡಿಯುವುದು ಇಂದಿನ ವಿಜ್ಞಾನಿಗಳ ನವದೀಕ್ಷೆಯೆನ್ನಬಹುದು. ಈ ತಂಡವು ಮನುಷ್ಯರ ಆಲ್ಫಾ ಸೈನ್ಯೂಕ್ಲೀನನ್ನು ಯೀಸ್ಟಿನಲ್ಲಿ ಬೆಳೆಸಿ, ಅದರ ವಿಷದಿಂದ ಕುಗ್ಗಿದ ಯೀಸ್ಟನ್ನು ಚೇತರಿಸಬಲ್ಲ ರಾಸಾಯನಿಕಗಳನ್ನು ಹುಡುಕಿತು. ಹಾಗೆ ದೊರೆತ '6-ಬಯೋ' ಎಂಬ ಅಣುವು ಆಟೋಫೇಜಿಯನ್ನು ಚುರುಕುಗೊಳಿಸಿ ಮುದ್ದೆಗಳನ್ನು ಕರಗಿಸುವುದೆಂದೂ, ಪಾರ್ಕಿನ್‌ಸನ್ ಲಕ್ಷಣ ಬರಿಸಿದ ಇಲಿಗಳ ನರಕೋಶಗಳನ್ನು ಕಾಪಾಡುವುದೆಂದೂ 2017ರಲ್ಲಿ ಪ್ರಕಟಿಸಿತು.

ಇಲಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಕಾಣಬೇಕೆಂದಿಲ್ಲ. ಅಮೈಲಾಯ್ಡನ್ನು ತೊಡೆದುಹಾಕುವ ಲೆಕಾನೆಮ್ಯಾಬ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ರೋಗದ ಆರಂಭದಲ್ಲಿದ್ದವರ ಮೇಲೆ ನಡೆದ ಹದಿನೆಂಟು ತಿಂಗಳ ಪರೀಕ್ಷೆಯಲ್ಲಿ ಅದು ಕುಸಿತವನ್ನು ಶೇಕಡ 27ರಷ್ಟು ನಿಧಾನಿಸಿತು, ನಿಲ್ಲಿಸಲಿಲ್ಲ. ಕೆಲವರಲ್ಲಿ ಮೆದುಳಿನ ಊತ, ರಕ್ತಸ್ರಾವಗಳೂ ಕಂಡವು. ಆದುದರಿಂದ ನಿರಾಶೆಯೂ ಬೇಡ, ಪವಾಡದ ಜಾಹೀರಾತಿಗೆ ಮರುಳಾಗುವುದೂ ಬೇಡ.

ಹಾಗಾದರೆ ಕುಟುಂಬದವರು ಮಾಡಬೇಕಾದದ್ದೇನು? ಮೊದಲು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವೂ ಮರೆವನ್ನು ತರುತ್ತವೆ, ಇವಕ್ಕೆ ಚಿಕಿತ್ಸೆಯುಂಟು. ನಮ್ಮ ದೇಶದಲ್ಲಿ ಅರುವತ್ತು ದಾಟಿದವರ ಪೈಕಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ, ಬುದ್ಧಿಮಾಂದ್ಯದಿಂದ ನರಳುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಇದು ನಾಚಿಕೆಪಟ್ಟು ಬಚ್ಚಿಡುವ ಸಂಗತಿಯಲ್ಲ, ಮಾಟಮಂತ್ರದ ಫಲವೂ ಅಲ್ಲ. ಎರಡನೆಯದಾಗಿ, ವಾದಕ್ಕಿಳಿಯಬಾರದು. 'ಬಳೆ ಕದ್ದಿಲ್ಲ' ಎಂದು ಸಾಧಿಸುವ ಬದಲು 'ಬನ್ನಿ, ಸೇರಿ ಹುಡುಕೋಣ' ಎಂದರೆ ಸಾಕು. ಮೂರನೆಯದಾಗಿ, ಶುಶ್ರೂಷೆಯ ಹೊರೆಯನ್ನು ಸೊಸೆಯೊಬ್ಬಳ ಮೇಲೆ ಹೇರದೆ ಗಂಡುಮಕ್ಕಳೂ ಹಂಚಿಕೊಳ್ಳಬೇಕು. ನೆರೆಯವರು ವಾರಕ್ಕೊಂದು ಮಧ್ಯಾಹ್ನ ಆಕೆಯನ್ನು ಬಿಡುವು ಮಾಡಿಕೊಡಬೇಕು.

ವ್ಯಕ್ತಿಯ ಅನನ್ಯತೆ ಇರುವುದು ಪ್ರಜ್ಞೆಯಲ್ಲಿ, ನೆನಪು ಮುಟ್ಟುವಷ್ಟು ದೂರದವರೆಗೆ ಎಂದು ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ವಾದಿಸಿದ. ಆ ವಾದವನ್ನು ನಾವು ಒಪ್ಪಲಾರೆವು. ಮಗನ ಹೆಸರನ್ನು ಮರೆತ ಮಾತ್ರಕ್ಕೆ ತಾಯಿ ತಾಯಿಯಲ್ಲದೆ ಹೋಗುವಳೇ? ಆಕೆಯ ಕಥೆಯನ್ನು ಆಕೆಗಾಗಿ ನೆನಪಿಟ್ಟುಕೊಳ್ಳುವ ಸರದಿ ಈಗ ಮಕ್ಕಳದು. ಅಡಿಕೆ ತೋಟದ ಆ ತಾಯಿಗೆ ಕೊನೆಕೊನೆಗೆ ನಮ್ಮ ಗುರುತೂ ಸಿಗುತ್ತಿರಲಿಲ್ಲ. ಆದರೂ ಸೊಸೆ ಪಕ್ಕದಲ್ಲಿ ಕುಳಿತು ಜಪಸರ ಆರಂಭಿಸಿದೊಡನೆ ಅವರ ತುಟಿಗಳು ತಪ್ಪಿಲ್ಲದೆ ಜೊತೆಗೂಡುತ್ತಿದ್ದವು. ಕಳ್ಳಿಯೆಂದು ದೂರಿದ್ದ ಆ ಸೊಸೆಯ ಕೈಯನ್ನೇ ಅವರು ಹಿಡಿದುಕೊಂಡಿರುತ್ತಿದ್ದರು.