ಕೆಲಸ ಅಳೆಯಲು ಕಲಿತ ಹೈದರಾಬಾದು

ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಕೆಲಸವನ್ನು ಒಮ್ಮೆ ಬಿಡಿಸಿ ನೋಡಿ. ಒಣಗಿದ ಹಾಳೆಯನ್ನು ನೆನೆಸಬೇಕು, ಉಜ್ಜಿ ತೊಳೆಯಬೇಕು, ನೀರು ಬಸಿಯಲು ನಿಲ್ಲಿಸಬೇಕು. ಹಸಿ ಆರುವ ಮೊದಲೇ ಬಿಸಿ ಅಚ್ಚಿನ ನಡುವೆ ಇಟ್ಟು ಒತ್ತಬೇಕು. ಆಮೇಲೆ ಅಂಚು ಕತ್ತರಿಸಿ, ಸೀಳಿದ್ದನ್ನು ಬೇರೆ ಮಾಡಿ, ಎಣಿಸಿ ಕಟ್ಟಬೇಕು. ಕಿವಿ ಕೇಳಲೇಬೇಕು ಎನ್ನುವ ಹಂತ ಇದರಲ್ಲಿ ಒಂದೂ ಇಲ್ಲ. ತಟ್ಟೆಯ ಸೀಳು ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಎಣಿಸುವುದು, ಕಟ್ಟುವುದು ಕೂತಲ್ಲೇ ಆಗುವ ಕೆಲಸ. ತೊಡಕಿರುವುದು ಅಚ್ಚಿನ ಬಳಿ, ಅಂಚು ಕತ್ತರಿಸುವ ಕಡೆ ಮಾತ್ರ. ಅಲ್ಲಿ ಕಣ್ಣಿದ್ದವರಿಗೂ ಕೈ ಸುಡದಂತೆ, ಕೊಯ್ಯದಂತೆ ರಕ್ಷಣೆ ಬೇಕೇ ಬೇಕು.

ಮಲೆನಾಡು, ಕರಾವಳಿಯವರಿಗೆ ಈ ಕಸುಬು ಹೊಸದಲ್ಲ. ಇದನ್ನೇ ಅಂಗವಿಕಲರ ಉದ್ಯೋಗಕ್ಕೆ ದಾರಿ ಮಾಡಿಕೊಂಡದ್ದು ಮಾತ್ರ ಹೈದರಾಬಾದಿನಲ್ಲಿ. 2012ರಲ್ಲಿ ಅಲ್ಲಿ ಶುರುವಾದ ಬೊಲ್ಲಾಂಟ್ ಇಂಡಸ್ಟ್ರೀಸ್ ಅಡಿಕೆ ಹಾಳೆಯ ಸಾಮಾನು, ಮರುಬಳಕೆ ಕಾಗದದ ಪ್ಯಾಕಿಂಗ್ ಸಾಮಗ್ರಿ ತಯಾರಿಸುತ್ತದೆ. ನೂರಾರು ಅಂಗವಿಕಲರಿಗೆ ಅದು ಕೆಲಸ ಕೊಟ್ಟಿದೆ. ಕಟ್ಟಿದವರು ಹುಟ್ಟಿನಿಂದಲೇ ಕಣ್ಣು ಕಾಣದ ಶ್ರೀಕಾಂತ್ ಬೊಲ್ಲಾ. ಜೊತೆಗೆ ನಿಂತವರು ಸ್ವರ್ಣಲತಾ. ಹಣ ಹೂಡಿದವರಲ್ಲಿ ರತನ್ ಟಾಟಾ ಒಬ್ಬರು.

ಶ್ರೀಕಾಂತ್ ಮಚಲಿಪಟ್ಟಣದ ಕಡೆಯ ರೈತ ಕುಟುಂಬದವರು. ಓದಿಗೆಂದು ಹೈದರಾಬಾದಿನ ದೇವನಾರ್ ಅಂಧರ ಶಾಲೆಗೆ ಬಂದರು. ನೇತ್ರತಜ್ಞ ಡಾ. ಎ. ಸಾಯಿಬಾಬಾ ಗೌಡ್ ಸ್ಥಾಪಿಸಿದ ಶಾಲೆ ಅದು. ಹತ್ತನೇ ತರಗತಿ ಮುಗಿಸಿ ವಿಜ್ಞಾನ ಓದುತ್ತೇನೆ ಎಂದಾಗ ಕಣ್ಣು ಕಾಣದವರಿಗೆ ಆ ವಿಭಾಗ ಇಲ್ಲ ಎಂಬ ಉತ್ತರ ಬಂತು. ನ್ಯಾಯಾಲಯಕ್ಕೆ ಹೋಗಿ ಗೆದ್ದು ವಿಜ್ಞಾನವನ್ನೇ ಓದಿದರು. ಶೇ 98 ಅಂಕ ತೆಗೆದರು. ಐಐಟಿ ಪ್ರವೇಶದ ತರಬೇತಿಗೂ ಬಾಗಿಲು ಮುಚ್ಚಿದಾಗ ಅಮೆರಿಕದ ಎಂಐಟಿ ಸೇರಿದರು. ಪದವಿ ಮುಗಿಸಿದವರು ಅಲ್ಲೇ ಉಳಿಯದೆ ಹೈದರಾಬಾದಿಗೆ ಮರಳಿದರು.

ವ್ಯಕ್ತಿಯನ್ನು ಅಳೆದ ಕಾಲ

ಅವರು ಮರಳಿದ ಊರಿಗೆ ಈ ವಿಚಾರದಲ್ಲಿ ಹಳೆಯ ಚರಿತ್ರೆಯಿತ್ತು. ಎರಡನೇ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಕೆಲಸ ಕೊಡಿಸುವುದು ಹೇಗೆಂಬ ಚಿಂತೆ ಹಲವು ದೇಶಗಳನ್ನು ಕಾಡಿತ್ತು. 1955ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂಗವಿಕಲರ ಔದ್ಯೋಗಿಕ ಪುನರ್ವಸತಿಗಾಗಿಯೇ ಶಿಫಾರಸು ಹೊರಡಿಸಿತು. 1968ರಲ್ಲಿ ಭಾರತ ಸರ್ಕಾರದ ಕಾರ್ಮಿಕ ಇಲಾಖೆ ಮೊದಲ ಎರಡು ಪುನರ್ವಸತಿ ಕೇಂದ್ರಗಳನ್ನು ತೆರೆದಾಗ ಒಂದು ಮುಂಬೈಗೆ ಹೋಯಿತು, ಇನ್ನೊಂದು ಹೈದರಾಬಾದಿಗೆ ಬಂತು. ಬಂದವರ ಶಕ್ತಿ ಎಷ್ಟು ಉಳಿದಿದೆ, ಯಾವ ಕಸುಬು ಹಿಡಿಸೀತು ಎಂದು ಪರೀಕ್ಷಿಸಿ, ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುವುದು ಅದರ ಉದ್ದೇಶ.

1984ರಲ್ಲಿ ಬೌದ್ಧಿಕ ಅಂಗವೈಕಲ್ಯಕ್ಕೆ ಮೀಸಲಾದ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನ ಮನೋವಿಕಾಸ ನಗರದಲ್ಲಿ ತಲೆ ಎತ್ತಿತು. ಒಂದು ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು, ಒಂದು ಕೈವಶವಾದ ಮೇಲೆ ಇನ್ನೊಂದನ್ನು ಹೇಳಿಕೊಡುವುದು ವಿಶೇಷ ಶಿಕ್ಷಣದ ಮೂಲಪಾಠ. ತರಗತಿಯಲ್ಲಿ ಬೇರೂರಿದ ಈ ಪಾಠ ಕಾರ್ಖಾನೆಯ ಬಾಗಿಲು ದಾಟಲು ಬಹಳ ಕಾಲ ಹಿಡಿಯಿತು.

ಕಾನೂನು ಕೂಡ ಹುದ್ದೆಗಳ ಪಟ್ಟಿಗೇ ಅಂಟಿಕೊಂಡಿತ್ತು. 1995ರ ಕಾಯ್ದೆ ಸರ್ಕಾರಿ ಕೆಲಸದಲ್ಲಿ ಶೇ 3 ಮೀಸಲಾತಿ ಕೊಟ್ಟಿತು; ಜೊತೆಗೆ ಅಂಗವಿಕಲರಿಗೆ ಹೊಂದುವ ಹುದ್ದೆಗಳನ್ನು ಗುರುತಿಸಿ ಎಂದಿತು. 'ನಮ್ಮಲ್ಲಿರುವ ಹುದ್ದೆ ಪಟ್ಟಿಯಲ್ಲಿಲ್ಲ' ಎಂದು ಕೈತೊಳೆದುಕೊಳ್ಳಲು ಇಲಾಖೆಗಳಿಗೆ ಅಷ್ಟೇ ಸಾಕಾಯಿತು. ಗುರುತಿಸಿದ ಹುದ್ದೆಗಳಿಗಷ್ಟೇ ಅಲ್ಲ, ಒಟ್ಟು ಹುದ್ದೆಗಳಿಗೆ ಈ ಶೇ 3ರ ಲೆಕ್ಕ ಹಾಕಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರ ಅಕ್ಟೋಬರಿನಲ್ಲಿ. 2016ರ ಹೊಸ ಕಾಯ್ದೆ ಮೀಸಲಾತಿಯನ್ನು ಶೇ 4ಕ್ಕೆ ಏರಿಸಿತು. ಏಳು ಇದ್ದ ಅಂಗವೈಕಲ್ಯದ ಬಗೆಗಳು 21 ಆದವು.

ಪಾಠ ಯಾರಿಗೆ?

ಸರ್ಕಾರಿ ಕೆಲಸವನ್ನೇ ಕಾದು ಕೂತರೆ ಎಷ್ಟು ಜನರಿಗೆ ದಕ್ಕೀತು? 2011ರ ಜನಗಣತಿ ಪ್ರಕಾರ ದೇಶದ ಅಂಗವಿಕಲರು 2.68 ಕೋಟಿ, ಅವರಲ್ಲಿ ದುಡಿಯುತ್ತಿದ್ದವರು ಶೇ 36 ಮಾತ್ರ. ಹೆಂಗಸರಲ್ಲಂತೂ ಈ ಪ್ರಮಾಣ ಶೇ 23. ಈ ಅಂತರ ತುಂಬಲು ಖಾಸಗಿ ಕಂಪನಿಗಳ ಬಾಗಿಲು ತಟ್ಟಲೇಬೇಕಿತ್ತು. ಅವಿಭಜಿತ ಆಂಧ್ರದಲ್ಲಿ ಗ್ರಾಮೀಣ ಯುವಕರ ಉದ್ಯೋಗ ಯೋಜನೆ ನಡೆಸಿದ್ದ ಮೀರಾ ಶೆಣೈ ಹೈದರಾಬಾದಿನಲ್ಲಿ ಯೂತ್‌ಫಾರ್‌ಜಾಬ್ಸ್ ಸಂಸ್ಥೆ ಕಟ್ಟಿದ್ದು ಈ ಕೆಲಸಕ್ಕೆ. ಹಳ್ಳಿಯಿಂದ ಬಂದವರಿಗೆ ಇಂಗ್ಲಿಷ್, ಕಂಪ್ಯೂಟರ್, ಸಂದರ್ಶನ ಎದುರಿಸುವ ಬಗೆ ಕಲಿಸುವುದು ಅದರ ಅರ್ಧ ಕೆಲಸವಾದರೆ, ಕಂಪನಿಯವರನ್ನು ತಯಾರು ಮಾಡುವುದು ಇನ್ನರ್ಧ. ಕಿವಿ ಕೇಳದ ಹುಡುಗನನ್ನು ಹಿಂದಿನಿಂದ ಕೂಗಿ ಪ್ರಯೋಜನವಿಲ್ಲ, ಎದುರಿಗೆ ಬಂದು ಸನ್ನೆ ಮಾಡಬೇಕು; ಹೇಳಬೇಕಾದ್ದನ್ನು ಚೀಟಿಯಲ್ಲೋ ಮೊಬೈಲಿನಲ್ಲೋ ಬರೆದು ತೋರಿಸಿದರೂ ಆಯಿತು. ಇಷ್ಟು ಗೊತ್ತಿಲ್ಲದ ಮೇಲ್ವಿಚಾರಕನ ಕೈಕೆಳಗೆ ಎಂಥ ತರಬೇತಿ ಪಡೆದವರೂ ಹೆಚ್ಚು ದಿನ ನಿಲ್ಲುವುದಿಲ್ಲ.

ನಮ್ಮಲ್ಲೂ ಈ ಅರಿವು ಇತ್ತು. ಎನ್.ಎಸ್. ಹೇಮಾ 1959ರಲ್ಲೇ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದ್ದರು. 1999ರಲ್ಲಿ ಅಲ್ಲೇ ಇಂಥದ್ದೇ ಎನೇಬಲ್ ಇಂಡಿಯಾ ಸಂಸ್ಥೆ ಶುರುವಾಯಿತು. ಆದರೆ ಬೀದರ್, ಕಲಬುರಗಿಯ ಹುಡುಗರಿಗೆ ಕೆಲಸದ ಊರೆಂದರೆ ಬೆಂಗಳೂರಿಗಿಂತ ಹತ್ತಿರದ ಹೈದರಾಬಾದೇ. ಅಲ್ಲಿ ತೆರೆದ ಬಾಗಿಲು ಗಡಿಯ ಈಚೆಗೂ ಲೆಕ್ಕಕ್ಕೆ ಬರುತ್ತದೆ.

2024ರಲ್ಲಿ ರಾಜ್‌ಕುಮಾರ್ ರಾವ್ ನಟಿಸಿದ 'ಶ್ರೀಕಾಂತ್' ಹಿಂದಿ ಸಿನಿಮಾ ಬಂದು ಬೊಲ್ಲಾ ಹೆಸರು ಮನೆಮಾತಾಯಿತು. ಅಲ್ಲೊಂದು ಅಪಾಯವೂ ಇದೆ. ಸಾಧಕನ ಕಥೆ ನೋಡಿ ಚಪ್ಪಾಳೆ ತಟ್ಟಿದ ಮಾಲೀಕ, ತನ್ನ ಬಾಗಿಲಿಗೆ ಬಂದ, ಏಳನೇ ಕ್ಲಾಸಿನವರೆಗೆ ಓದಿದ ಹುಡುಗಿಯಲ್ಲಿ ಎಂಐಟಿ ಪದವೀಧರನನ್ನು ಹುಡುಕತೊಡಗಿದರೆ ಕಷ್ಟ. ಪ್ಯಾಕಿಂಗ್ ಮೇಜಿನ ಮುಂದೆ ಕೂತು ತಿಂಗಳ ಸಂಬಳ ಎಣಿಸಲು ಯಾರೂ ಅಸಾಮಾನ್ಯರಾಗಬೇಕಿಲ್ಲ.

2016ರ ಕಾಯ್ದೆಯಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ಅಂಶವಿದೆ. ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿ ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ ಅಂಗವಿಕಲರಿಗೆ ಹೊಂದುವ ಹುದ್ದೆಗಳು ಯಾವುವು, ಸೌಲಭ್ಯಗಳೇನು ಎಂದು ಅದರಲ್ಲಿ ಬರೆದಿರಬೇಕು. ವೆಬ್‌ಸೈಟಿನಲ್ಲಿ ಹಾಕಬೇಕು, ಇಲ್ಲವಾದರೆ ಎಲ್ಲರ ಕಣ್ಣಿಗೆ ಬೀಳುವ ಕಡೆ ಅಂಟಿಸಬೇಕು. ಅಂಗವಿಕಲರ ದಿನವಾದ ಡಿಸೆಂಬರ್ 3ರಂದು ವೇದಿಕೆ ಹಾಕಿ ಶಾಲು ಹೊದಿಸುವ ಕಂಪನಿಯವರನ್ನು ಆ ಹಾಳೆ ಎಲ್ಲಿದೆ ಎಂದು ಕೇಳಿದರೆ ತಪ್ಪಲ್ಲ. ಕಲಬುರಗಿಯಲ್ಲೂ ಕೇಳಬಹುದು, ಹೈದರಾಬಾದಿನಲ್ಲೂ ಕೇಳಬಹುದು.