ಅಳಿವೆ ಬಾಗಿಲಲ್ಲಿ ಎಂಜಿನ್ ಏಕೆ ನಿಲ್ಲುತ್ತದೆ?

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿಯುತ್ತಿದ್ದಂತೆ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ದಕ್ಕೆಗಳಲ್ಲಿ ಬೋಟುಗಳು ಮತ್ತೆ ಚಾಲೂ ಆಗುತ್ತವೆ. ಬಣ್ಣ ಬಳಿದಾಗಿದೆ, ಬಲೆ ಸರಿಮಾಡಿದ್ದಾಗಿದೆ, ಐಸ್ ತುಂಬಿದ್ದಾಗಿದೆ. ದಕ್ಕೆಯಲ್ಲಿ ಕಟ್ಟಿದ್ದಾಗ ಸರಾಗವಾಗಿ ಓಡಿದ ಎಂಜಿನ್, ಅಳಿವೆ ಬಾಗಿಲು ದಾಟುವ ಹೊತ್ತಿಗೆ ಎರಡು ಸಲ ಮುಗ್ಗರಿಸಿ ನಿಂತುಬಿಡುವುದುಂಟು. ತೆರೆ ಎದ್ದಿರುವ, ಅಡಿಯಲ್ಲಿ ಹೂಳು ತುಂಬಿರುವ ಆ ಇಕ್ಕಟ್ಟಿನಲ್ಲಿ ಎಂಜಿನ್ ನಿಂತರೆ ಸುಕ್ಕಾನು ಇದ್ದೂ ಇಲ್ಲದಂತೆ. ಇದನ್ನು ಗ್ರಹಚಾರ ಎನ್ನುವವರಿದ್ದಾರೆ. ಅಲ್ಲ. ಕಾರಣ ಹೆಚ್ಚಿನ ಸಲ ಡೀಸೆಲ್ ಟ್ಯಾಂಕಿನ ತಳದಲ್ಲೇ ಕೂತಿರುತ್ತದೆ.

ಮಳೆಗಾಲವಿಡೀ ಅರ್ಧ ಖಾಲಿ ಬಿದ್ದ ಟ್ಯಾಂಕಿನೊಳಗೆ ತೇವದ ಗಾಳಿ ತಣಿದು ನೀರಾಗುತ್ತದೆ. ನೀರು ಡೀಸೆಲ್‌ಗಿಂತ ಭಾರ, ತಳಕ್ಕೆ ಇಳಿಯುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಬೋಟ್ ಅಲುಗಾಡದೆ ನಿಂತಿರುವಷ್ಟು ಕಾಲ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ಮೊದಲ ದೊಡ್ಡ ತೆರೆಗೆ ಟ್ಯಾಂಕ್ ಕಲಕಿತೋ, ಲೋಳೆಯೆಲ್ಲ ಫಿಲ್ಟರಿಗೆ ಬಂದು ಮೆತ್ತಿಕೊಳ್ಳುತ್ತದೆ. ಶಾಂತ ನೀರಿನಲ್ಲಿ ಮಾಡಿದ ಟ್ರಯಲ್‌ನಲ್ಲಿ ಈ ದೋಷ ಸಿಗದಿರುವುದು ಅದಕ್ಕೇ. ಟ್ಯಾಂಕಿನ ತಳದ ಡ್ರೈನ್ ತೆರೆದು ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು ಸ್ವಲ್ಪ ಹೊತ್ತು ಇಟ್ಟು ನೋಡಿದರೆ ಸಾಕು, ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನಲ್ಲಿ ಅದುಮಿದ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯುತ್ತದೆ. ಆ ಬಿಸಿಗೆ ನಾಜಲ್‌ನಿಂದ ಚಿಮ್ಮಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಹುಡುಕಬೇಕಾದ್ದು ಮೂರನ್ನೇ: ಗಾಳಿ, ಡೀಸೆಲ್, ಕಂಪ್ರೆಷನ್. ಎಂಜಿನ್ ಕೆಟ್ಟಿತೆಂದರೆ ಕೂಡಲೇ ಹೆಡ್ ಬಿಚ್ಚುವ ಆತುರವನ್ನು ನಾನು ಒಪ್ಪುವುದಿಲ್ಲ. ಕಂಪ್ರೆಷನ್ ಸಾಮಾನ್ಯವಾಗಿ ತಿಂಗಳುಗಟ್ಟಲೆ ಮುನ್ಸೂಚನೆ ಕೊಟ್ಟು ಕುಗ್ಗುತ್ತದೆ. ನಿನ್ನೆ ಚೆನ್ನಾಗಿದ್ದು ಇಂದು ನಿಂತ ಎಂಜಿನ್‌ನಲ್ಲಿ ಮೊದಲು ನೋಡಬೇಕಾದ್ದು ಫಿಲ್ಟರ್ ಮತ್ತು ಪೈಪಿನೊಳಗೆ ಸೇರಿದ ಗಾಳಿ.

ಏರ್ ತೆಗೆಯುವ ಕೆಲಸವನ್ನು ಒಳ್ಳೆಯ ಮೆಕ್ಯಾನಿಕ್ ಮಾಡುವಾಗ ನಿಂತು ನೋಡಬೇಕು. ಫಿಲ್ಟರಿನ ಮೇಲಿನ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸುತ್ತಾನೆ. ಹ್ಯಾಂಡ್ ಪಂಪ್ ಒತ್ತುತ್ತಾ ಹೋದಂತೆ ಮೊದಲು ಬುಸುಗುಡುವ ನೊರೆ, ಆಮೇಲೆ ಗುಳ್ಳೆ ಗುಳ್ಳೆಯಾದ ಡೀಸೆಲ್, ಕೊನೆಗೆ ಒಂದೂ ಗುಳ್ಳೆಯಿಲ್ಲದ ತಿಳಿ ಧಾರೆ ಬರುತ್ತದೆ. ಆ ಧಾರೆ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯುತ್ತಾನೆ, ನಿಂತ ಮೇಲಲ್ಲ. ಮತ್ತೆ ಮತ್ತೆ ಗಾಳಿ ಸೇರುತ್ತಿದ್ದರೆ ಟ್ಯಾಂಕಿನಿಂದ ಪಂಪಿಗೆ ಬರುವ ಪೈಪಿನ ಜಾಯಿಂಟ್ ಎಲ್ಲೋ ಸಡಿಲಾಗಿದೆ ಎಂದರ್ಥ. ಅಲ್ಲಿ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕಾಣದ ಈ ಸೋರಿಕೆ ಎಷ್ಟೋ ಹೊಸ ಪಂಪುಗಳನ್ನು ವೃಥಾ ಖರೀದಿ ಮಾಡಿಸುತ್ತದೆ.

ಹೊಗೆ ಸುಳ್ಳು ಹೇಳುವುದಿಲ್ಲ, ಓದಲು ಬರಬೇಕು. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ: ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಹನಿ ಇಕ್ಕುತ್ತಿರಬಹುದು. ಎಂಜಿನ್ ನಿರ್ದೋಷಿಯಾಗಿದ್ದು, ಫ್ಯಾನಿಗೆ (ಪ್ರೊಪೆಲ್ಲರಿಗೆ) ಬಲೆಯ ಹಗ್ಗ ಸುತ್ತಿಕೊಂಡು ಲೋಡ್ ಏರಿದ್ದರೂ ಅದೇ ಕಪ್ಪು ಹೊಗೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ; ರಿಂಗ್, ವಾಲ್ವ್ ಗೈಡ್, ಟರ್ಬೊ ಸೀಲ್ ನೋಡಬೇಕು. ಬಿಳಿಯದರಲ್ಲಿ ಎರಡು ಬಗೆ. ಬೇಗ ಗಾಳಿಯಲ್ಲಿ ಕರಗಿದರೆ ಅದು ನೀರಿನ ಆವಿ. ನೀರಿನ ಮೇಲೇ ತೇಲುತ್ತಾ ಕಣ್ಣು ಉರಿಸಿದರೆ ಅದು ಉರಿಯದೆ ಹೊರಬಿದ್ದ ಡೀಸೆಲ್.

ಆರು ಸಿಲಿಂಡರಿನಲ್ಲಿ ಒಂದು ಮಾತ್ರ ಸೋಮಾರಿಯಾಗಿದ್ದರೆ? ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್‌ಗಳಲ್ಲಿ ಐಡಲ್‌ನಲ್ಲಿ ಓಡಿಸುತ್ತಾ ನಾಜಲ್ ಪೈಪಿನ ನಟ್ಟುಗಳನ್ನು ಬಟ್ಟೆ ಸುತ್ತಿ ಒಂದೊಂದಾಗಿ ಸಡಿಲಿಸುತ್ತಾರೆ. ಯಾವ ನಟ್ಟು ಸಡಿಲಿಸಿದಾಗ ಎಂಜಿನ್ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರೇ ದೋಷಿ. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಹೊಸ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ 1,000 ಬಾರ್ ಮೀರುತ್ತದೆ, ಅಲ್ಲಿ ಈ ಪರೀಕ್ಷೆ ಕೂಡದು. ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಎಂಜಿನ್ ಬಿಸಿಯೇರಿದರೆ ಮೊದಲು ಬೋಟಿನ ಬದಿಯಿಂದ ಹೊರಬೀಳುವ ಉಪ್ಪುನೀರಿನ ಧಾರೆ ನೋಡಿ. ಧಾರೆ ಸಣ್ಣದಾಗಿದ್ದರೆ ಇನ್‌ಟೇಕ್ ಜಾಲರಿಗೆ ಪ್ಲಾಸ್ಟಿಕ್, ಕೆಸರು ಅಥವಾ ಅಂಬಲಿ ಮೀನು ಸಿಕ್ಕಿರುತ್ತದೆ. ಜಾಲರಿ ಸರಿಯಿದ್ದರೆ ಪಂಪಿನ ರಬ್ಬರ್ ಇಂಪೆಲ್ಲರ್ ಬಿಚ್ಚಬೇಕು. ಅದರ ಒಂದು ಎಸಳು ಮುರಿದಿದ್ದರೆ ಹೊಸದು ಹಾಕಿ ಸುಮ್ಮನಾಗುವಂತಿಲ್ಲ. ಮುರಿದ ತುಂಡು ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರಿನ ನಳಿಕೆಗೆ ಅಡ್ಡ ಕೂತಿರುತ್ತದೆ. ಅದನ್ನು ಹುಡುಕಿ ತೆಗೆಯುವವರೆಗೆ ಕೆಲಸ ಮುಗಿದಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಒಳಗೆ ನೀರು ಸೇರಿದೆ, ಸ್ಟಾರ್ಟ್ ಮಾಡಲೇಬಾರದು. ಆಯಿಲ್ ಮಟ್ಟ ತಾನಾಗಿ ಏರಿದ್ದರೂ ಅಷ್ಟೇ ಅಪಾಯ: ಡೀಸೆಲ್ಲೋ ನೀರೋ ಕೆಳಗಿಳಿದಿದೆ.

ಅದುರುವಿಕೆಯ ಬಗ್ಗೆ ಒಂದೇ ಮಾತು. ಶಾಫ್ಟ್ ಅಲೈನ್‌ಮೆಂಟನ್ನು ದಡದ ಮೇಲೆ ಎಷ್ಟೇ ನಾಜೂಕಾಗಿ ಮಾಡಿದರೂ ನೀರಿಗಿಳಿದ ಮೇಲೆ ಬೋಟಿನ ಮೈ ಸ್ವಲ್ಪ ಬಾಗುತ್ತದೆ. ಕೊನೆಯ ಹೊಂದಾಣಿಕೆ ತೇಲುವ ಬೋಟಿನಲ್ಲೇ ಆಗಬೇಕು.

ಈ ವಿದ್ಯೆ ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ದಕ್ಕೆಯ ಹಿರಿಯ ಮೆಕ್ಯಾನಿಕ್‌ಗಳ ಕಿವಿ ಮತ್ತು ಬೆರಳಿನಲ್ಲಿದೆ. ಕೊಚ್ಚಿಯಲ್ಲಿ 1963ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಿಫ್‌ನೆಟ್ ಸಂಸ್ಥೆ ಮೀನುಗಾರಿಕಾ ಹಡಗುಗಳಿಗೆ ಬೇಕಾದ ತಾಂತ್ರಿಕ ತರಬೇತಿ ಕೊಡುತ್ತಿದೆ. ಆದರೆ ಹತ್ತು ದಿನ ಆಳಸಮುದ್ರದಲ್ಲಿರುವ ಬೋಟಿಗೆ ಮೆಕ್ಯಾನಿಕ್ ಬರುವಂತಿಲ್ಲ, ಅಲ್ಲಿರುವುದು ಬೋಟ್ ನಡೆಸುವ ತಾಂಡೇಲ ಮತ್ತು ಕಲಾಸಿಗಳು ಮಾತ್ರ. ಬೋಟ್ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ನಿಷೇಧದ ಎರಡು ತಿಂಗಳಲ್ಲಿ ಎಂಜಿನ್ ಬಿಚ್ಚುವಾಗ ನಿಮ್ಮ ಬೋಟಿನ ಒಬ್ಬ ಹುಡುಗನನ್ನು ಸಂಬಳ ಕೊಟ್ಟು ಮೆಕ್ಯಾನಿಕ್ ಪಕ್ಕದಲ್ಲಿ ನಿಲ್ಲಿಸಿ. ಬೋಟಿನಲ್ಲಿ ಎರಡು ಫಿಲ್ಟರ್, ಒಂದು ಇಂಪೆಲ್ಲರ್ ಹೆಚ್ಚಿಗೆ ಇಡಿ. ದಕ್ಕೆ ಬಿಡುವ ಮುನ್ನ ಟ್ಯಾಂಕಿನ ತಳದ ನೀರು ಹೊರಗೆ ಬಿಡಿ.