ಹುಳುಮನೆಯ ಗಾಳಿ ಲೆಕ್ಕ

ಸ್ಕಂದಗಿರಿಯನ್ನು ಬೆನ್ನಿಗೆ ಬಿಟ್ಟು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಕಡೆ ಹೊರಟರೆ, ಹಿಪ್ಪುನೇರಳೆ ತೋಟಗಳ ನಡುವೆ ಉದ್ದನೆಯ ಕಟ್ಟಡಗಳು ಕಾಣಸಿಗುತ್ತವೆ. ಗೋಡೆಯ ಬುಡದಲ್ಲಿ ಒಂದು ಸಾಲು ಕಿಂಡಿ, ನಡುವೆ ಕಿಟಕಿ, ಸೂರಿನ ಕೆಳಗೆ ಇನ್ನೊಂದು ಸಾಲು ಕಿಂಡಿ. ಇವು ರೇಷ್ಮೆಹುಳು ಸಾಕುವ ಹುಳುಮನೆಗಳು. ಒಳಗಿನ ಗಾಳಿಯನ್ನು ಹದವಾಗಿಡುವ ಕೆಲಸದ ಬಹುಪಾಲನ್ನು ಇಲ್ಲಿ ಯಂತ್ರವಲ್ಲ, ಈ ಕಿಂಡಿ ಕಿಟಕಿಗಳೇ ಮಾಡುತ್ತವೆ.

ಬಿಸಿಯಾದ ಗಾಳಿ ಹಗುರ. ಅದು ಮೇಲೇರಿ ಸೂರಿನ ಕಿಂಡಿಯಿಂದ ಹೊರಬಿದ್ದರೆ, ಆ ಜಾಗಕ್ಕೆ ಕೆಳಗಿನ ಕಿಂಡಿಯಿಂದ ತಂಪು ಗಾಳಿ ಬರುತ್ತದೆ. ಕಟ್ಟಡವನ್ನು ಪೂರ್ವ–ಪಶ್ಚಿಮವಾಗಿ ಉದ್ದಕ್ಕೆ ಕಟ್ಟುವುದರಿಂದ ಉದ್ದನೆಯ ಗೋಡೆಗಳಿಗೆ ಬಿಸಿಲು ಕಡಿಮೆ ತಾಗುತ್ತದೆ.

ಇಷ್ಟೆಲ್ಲ ಏರ್ಪಾಡು ಏಕೆಂದರೆ ರೇಷ್ಮೆಹುಳುವಿಗೆ ತನ್ನದೇ ಮೈಬಿಸಿ ಇಲ್ಲ. ಸುತ್ತಲಿನ ಗಾಳಿ ಹೇಗೋ ಅದರ ಮೈಯೂ ಹಾಗೆ. ಉಸಿರಾಟ ಮೈಯ ಎರಡು ಪಕ್ಕದ ಒಂಬತ್ತು ಜೊತೆ ರಂಧ್ರಗಳಿಂದ. ಅದು ನೀರು ಕುಡಿಯುವುದಿಲ್ಲ, ಬೇಕಾದ ನೀರೆಲ್ಲ ಸೊಪ್ಪಿನಿಂದಲೇ ಸಿಗಬೇಕು. ಹಾಗಾಗಿ ಸೊಪ್ಪು ಬಾಡಲೂಬಾರದು, ಮನೆಯಲ್ಲಿ ತೇವ ಕಟ್ಟಲೂಬಾರದು.

ಮೊಟ್ಟೆಯೊಡೆದ ಹುಳು ಗೂಡು ಕಟ್ಟುವುದಕ್ಕೆ ಸುಮಾರು 25 ದಿನ. ಈ ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ರೈತರು ಇದನ್ನು ‘ಜ್ವರ’ ಎನ್ನುತ್ತಾರೆ. ಎರಡನೇ ಜ್ವರದವರೆಗಿನ ಎಳೆಹುಳುವಿನ ಸಾಕಣೆಗೆ ‘ಚಾಕಿ’ ಎಂದು ಹೆಸರು. ಆಗ 27–28 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ. 85ರ ಆಸುಪಾಸಿನ ತೇವ ಬೇಕು. ಎಳೆಸೊಪ್ಪು ಒಣಗದಂತೆ ಹಾಸಿಗೆಯ ಮೇಲೆ ಮೇಣದ ಕಾಗದ ಹೊದಿಸಿ, ಮೇವು ಕೊಡುವ ಅರ್ಧ ಗಂಟೆ ಮೊದಲು ತೆಗೆದು ಗಾಳಿ ಆಡಿಸುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲ್ಲಾಡದೆ ಇರುತ್ತದೆ. ಆಗ ಮೇವು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಹಾಸಿಗೆ ಒಣಗಲು ಬಿಡಬೇಕು.

ಹುಳು ದೊಡ್ಡದಾದಂತೆ ಲೆಕ್ಕ ತಿರುಗುತ್ತದೆ. ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ಅದು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ. ಉಳಿದ ಸೊಪ್ಪು, ಹಿಕ್ಕೆ ಎಲ್ಲ ಹಾಸಿಗೆಯಲ್ಲೇ ಸೇರಿ ಕಾವೇರುತ್ತವೆ, ಅಮೋನಿಯಾ ಏಳುತ್ತದೆ. ಈಗ ಬೇಕಾದ್ದು 24 ಡಿಗ್ರಿ ಬಿಸಿ, ಶೇ. 70ರಷ್ಟು ತೇವ, ಧಾರಾಳ ಗಾಳಿ. ಗೋಡೆಯಲ್ಲಿ ಒಣ ಮತ್ತು ಒದ್ದೆ ಬಲ್ಬಿನ ಉಷ್ಣಮಾಪಕ ತೂಗಿರುತ್ತದೆ. ಆದರೂ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿಯುವ ಘಾಟಿನಿಂದಲೇ ಪಳಗಿದವರಿಗೆ ಕಿಟಕಿಯ ಬಗ್ಗೆ ತೀರ್ಮಾನ ಸಿಕ್ಕಿಬಿಡುತ್ತದೆ.

ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ, ಚಾವಣಿಗೆ ತೆಂಗಿನ ಗರಿ ಹೊದಿಸುತ್ತಾರೆ. ಗೋಣಿಯ ನೀರು ಆರುವಾಗ ಒಳಬರುವ ಗಾಳಿಯ ಬಿಸಿಯನ್ನು ಹೀರುತ್ತದೆ. ಚಳಿಗಾಲದ ರಾತ್ರಿ ಕಿಟಕಿ ಮುಚ್ಚಿ ಇದ್ದಿಲಿನ ಒಲೆ ಇಟ್ಟರೂ ಮೇಲಿನ ಕಿಂಡಿ ತೆರೆದೇ ಇರಬೇಕು. ಇಲ್ಲವಾದರೆ ಕೆಂಡದ ವಿಷಗಾಳಿ ಹುಳುವಿಗೂ ಆಳಿಗೂ ಅಪಾಯ. ತಂಪೂ ತೇವವೂ ಒಟ್ಟಿಗೆ ಹೆಚ್ಚಿದರೆ ಹುಳುವನ್ನು ಸುಣ್ಣದ ಕಡ್ಡಿಯಂತೆ ಬಿಳುಪಾಗಿ ಗಡಸಾಗಿಸುವ ಶಿಲೀಂಧ್ರ, ಅಂದರೆ ಸುಣ್ಣಕಟ್ಟು ರೋಗ, ಹಬ್ಬುತ್ತದೆ. 1980ರ ಸುಮಾರಿಗೆ ಕರ್ನಾಟಕಕ್ಕೆ ಬಂದ ಊಜಿ ನೊಣ ಹುಳುವಿನ ಮೇಲೆ ಮೊಟ್ಟೆಯಿಡುತ್ತದೆ. ಅದನ್ನು ತಡೆಯಲು ಕಿಟಕಿಗೆ ನೈಲಾನ್ ಬಲೆ ಬೇಕು. ಬಲೆ ಹಾಕಿದರೆ ಗಾಳಿ ತಗ್ಗುತ್ತದೆ. ಆ ಕೊರತೆ ತುಂಬಲು ಕಿಟಕಿ ದೊಡ್ಡದಿರಬೇಕು, ಬಲೆಯ ದೂಳನ್ನು ಆಗಾಗ ಕೊಡವಬೇಕು.

ಗಾಳಿಯ ಅಗತ್ಯ ಎಲ್ಲಕ್ಕಿಂತ ಹೆಚ್ಚುವುದು ಕೊನೆಯಲ್ಲಿ. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟಾಗ ಅವು ಮೊದಲು ಮೂತ್ರ ಹೊರಹಾಕಿ, ಆಮೇಲೆ ಹಸಿ ಎಳೆಯನ್ನು ಸುತ್ತುತ್ತವೆ. ಎಳೆಯ ಮೇಲಿನ ಸೆರಿಸಿನ್ ಎಂಬ ಅಂಟು ಬೇಗ ಆರಬೇಕು. ಅದಕ್ಕಾಗಿ ಚಂದ್ರಿಕೆಗಳನ್ನು ಗಾಳಿಯಾಡುವ ನೆರಳಿನ ಜಗಲಿಯಲ್ಲಿ ನಿಲ್ಲಿಸುತ್ತಾರೆ. ತೇವದಲ್ಲಿ ನಿಧಾನವಾಗಿ ಆರಿದ ಅಂಟು ಸುತ್ತುಗಳನ್ನು ಒಂದಕ್ಕೊಂದು ಬಿಗಿಯಾಗಿ ಕಚ್ಚಿಸಿಬಿಡುತ್ತದೆ. ಬಿಸಿನೀರಿಗೆ ಹಾಕಿ ನೂಲು ತೆಗೆಯುವಾಗ ಎಳೆ ಮತ್ತೆ ಮತ್ತೆ ಹರಿಯುತ್ತದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳು ಹರಾಜಿನಲ್ಲಿ ಬೆಲೆ ಕಟ್ಟುವ ಮೊದಲು ಗೂಡನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಅವರು ಕೊಡುವ ಬೆಲೆಯಲ್ಲಿ ಸೊಪ್ಪಿನ ಪಾಲಿದೆ, ತಳಿಯ ಪಾಲಿದೆ. ಹೊತ್ತು ನೋಡಿ ತೆರೆದು ಮುಚ್ಚಿದ ಕಿಟಕಿಯ ಪಾಲೂ ಇದೆ.